ಬೀಗರ ಮನೆಗೆ ಹೋದ ರಾಜ ರಾಣಿ

ನಮ್ಮ ಕಡೆ ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನವರು ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಒಯ್ಯಬೇಕು. ಜೊತೆಗೆ ಒಂದು ಸೀರೆ, ತಲೆಗೆ ಮುಡಿಸಲು ಹೂವಿನ ದಂಡೆ, ಹಣ್ಣು, ಕಾಯಿ. ಸಕ್ಕರೆ ಪಾಕವನ್ನು ಮರದ ಅಚ್ಚಿಗೆ ಹೊಯ್ದು ತೆಗೆದ ಆನೆ, ಕುದುರೆ, ನವಿಲು, ಗೋಪುರಗಳನ್ನು ಹುಡುಗಿ ತಟ್ಟೆಯಲ್ಲಿ ಜೋಡಿಸಿಕೊಂಡು ಗೌರಿಗೆ ಆರತಿ ಬೆಳಗುತ್ತಾಳೆ. ಹಬ್ಬ ಮುಗಿಯುತ್ತಲೇ ಆ ಮನೆಯ ಮಕ್ಕಳು ಆನೆಯ ಸೊಂಡಿಲಿನಿಂದ ಶುರುಮಾಡಿ ಗೋಪುರದ ತನಕ ಕಡಿದು ಮುಗಿಸುತ್ತಾರೆ. ಬೀಗರು ಕೊಡುವ ಉಡುಗೊರೆಗಳಲ್ಲಿ ಮೂಲೆ ಹಿಡಿದು ಧೂಳು ತಿನ್ನದೆ ಮರ್ಯಾದೆಯಿಂದ ಕರಗಿಹೋಗುವುದು ಇದೊಂದೇ. ಅದನ್ನು ಅಷ್ಟಕ್ಕೇ ಬಿಡಬೇಕಿತ್ತು. ನಾನು ಬಿಡಲಿಲ್ಲ. ಅದರ ಜೊತೆಗೆ ಬಟ್ಟೆಯ ರಾಜ ರಾಣಿಯನ್ನು ಹೊಲಿದುಕೊಂಡು ಹೋದೆ.

ಕಾರಣ ಹುಡುಗಿಯ ಮೌನ. ನನ್ನ ಮಗನಿಗೆ ಗೊತ್ತಾದವಳು ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು. ತಾಯಿ ಇಲ್ಲ. ಅಜ್ಜಿಯೇ, ಅಂದರೆ ಅಪ್ಪನ ತಾಯಿಯೇ, ಸಾಕಿದ್ದು. ನೋಡಲು ಹೋದ ದಿನವೂ ಆಮೇಲೆ ನಿಶ್ಚಯದ ದಿನವೂ ಆ ಹುಡುಗಿಯ ಬಾಯಿಂದ ಹೊರಟದ್ದು ಒಂದೇ ಮಾತು, "ಹೂನ್ರಿ." ಉಳಿದ ಉತ್ತರಗಳೆಲ್ಲ ಅಜ್ಜಿಯವು.

"ಏನು ಓದೀಯವಾ?" ಎಂದು ನಾನು ಹುಡುಗಿಯನ್ನು ಕೇಳಿದರೆ ಅಜ್ಜಿ, "ಬಿ.ಕಾಂ. ಓದ್ಯಾಳ, ಓದಿ ಏನ್ ಮಾಡೋದೈತಿ ತಗೋರಿ" ಅಂದಳು.

"ಅಡಿಗಿ ಏನೇನು ಬರ್ತೈತಿ?"

"ನೀವು ಹೇಳಿದ್ದೆಲ್ಲ ಬರ್ತೈತಿ," ಅದೂ ಅಜ್ಜಿಯೇ.

"ನಮ್ಮ ಹುಡುಗ ಮನಸ್ಸಿಗೆ ಬಂದಾನೇನವಾ?"

ಇದಕ್ಕೂ ಅಜ್ಜಿ ಬಾಯಿ ತೆರೆದಿದ್ದಳು. ನಾನು ಹುಡುಗಿಯನ್ನೇ ನೋಡುತ್ತ ಕೂತೆ. ಹುಡುಗಿ ಟೀಪಾಯಿಯ ಮೇಲಿನ ಮೈಸೂರು ಪಾಕನ್ನು ನೋಡುತ್ತ, "ಹೂನ್ರಿ" ಅಂದಳು. ಹುಡುಗನಿಗೆ ಅಂದಳೋ ಮೈಸೂರು ಪಾಕಿಗೆ ಅಂದಳೋ ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಗಂಡನಿಗೆ ಹೇಳಿದೆ, "ಆ ಹುಡುಗಿಗೆ ಮನಸ್ಸು ಐತೋ ಇಲ್ಲೋ ನೋಡ್ರಿ."

"ಹೂಂ ಅಂದಾಳಲ್ಲ."

"ಊಟಕ್ಕ ಕುಂದ್ರು ಅಂದಾಗನೂ ಹೂಂ ಅಂದಳು."

"ಮತ್ತ? ಊಟಕ್ಕೂ ಕುಂತಳು. ಮದುವಿಗೂ ಕುಂದರ್ತಾಳ."

ನನ್ನ ಗಂಡನದು ಹೊಸಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ನಟ್ಟಿಗೆ ಬೋಲ್ಟು ಕೂತರೆ ವಿಷಯ ಮುಗಿಯಿತು ಎನ್ನುವ ಸ್ವಭಾವ. ಮಗನನ್ನು ಕೇಳಿದೆ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು, ಹಗಲಲ್ಲಿ ಕಂಡರೆ ಮಲಗಿರುತ್ತಾನೆ. "ಆಕಿ ಫೋನಿನಾಗ ಮಾತಾಡ್ತಾಳೇನೋ?"

"ಮೆಸೇಜ್ ಮಾಡ್ತಾಳ."

"ಏನಂತ?"

"ಊಟ ಆಯ್ತಾ ಅಂತ."

"ನೀ ಏನಂತಿ?"

"ಆಯ್ತು ಅಂತೀನಿ."

ಇಷ್ಟು ಪ್ರೇಮವನ್ನು ಕಣ್ಣಾರೆ ಕಂಡ ಮೇಲೆ ನನಗೆ ನಿದ್ದೆ ಬಾರದಾಯಿತು. ತಾಯಿಯಿಲ್ಲದ ಹುಡುಗಿ, ಬೇಡವಾದ ಮದುವೆಗೆ ಹೂನ್ರಿ ಅಂದುಕೊಂಡು ನಮ್ಮ ಮನೆಗೆ ಬಂದು, ಮುಂದೆ ಆಯುಷ್ಯಪೂರ್ತಿ ನನ್ನ ಎದುರು ಹೂನ್ರಿ ಅಂದುಕೊಂಡೇ ಓಡಾಡಿದರೆ? ಆಕೆಯ ಬಾಯಿಂದ ಇನ್ನೊಂದು ಮಾತು ಹೊರಡಿಸಬೇಕು. ಅಜ್ಜಿ ಪಕ್ಕದಲ್ಲಿರುವವರೆಗೆ ಪ್ರಶ್ನೆ ಕೇಳಿ ಉಪಯೋಗವಿಲ್ಲ. ಕೈಯಲ್ಲಿ ಏನಾದರೂ ಕೊಟ್ಟರೆ "ಇದೇನ್ರಿ?" ಅಂತಲಾದರೂ ಕೇಳಿಯಾಳು ಎನ್ನಿಸಿತು. ನನ್ನ ಕೈಯಿಂದ ಬರುವುದು ಗೊಂಬೆ ಮಾತ್ರ.

ಬಟ್ಟೆಯ ಗೊಂಬೆ ಹೊಲಿಯುವ ಚಟ ನನಗೆ ಹಳೆಯದು. ತೊಟ್ಟಿಲು, ಗೃಹಪ್ರವೇಶ, ಯಾವುದಕ್ಕೆ ಕರೆದರೂ ನಾನು ಗೊಂಬೆ ಹಿಡಿದುಕೊಂಡೇ ಹೋಗುವವಳು. ಮೊದಲೆಲ್ಲ ಜನ ಅವನ್ನು ಟಿ.ವಿ.ಯ ಮೇಲೆ ಕೂರಿಸುತ್ತಿದ್ದರು. ಟಿ.ವಿ.ಗಳು ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ನನ್ನ ಗೊಂಬೆಗಳಿಗೆ ಊರಿನಲ್ಲಿ ಕೂರಲು ಜಾಗವಿಲ್ಲದಂತಾಯಿತು. ಈಗ ಕೊಟ್ಟ ಮನೆಗೆ ಮತ್ತೆ ಹೋದರೆ, ಗೇಟಿನ ಸಪ್ಪಳ ಕೇಳಿ ಒಳಗೆ ಯಾರೋ ಓಡಾಡಿ ಅಲಮಾರದಿಂದ ಗೊಂಬೆ ಹೊರತೆಗೆಯುವ ಸದ್ದು ನನಗೇ ಕೇಳುತ್ತದೆ. ನಾನೂ ಚಪ್ಪಲಿ ಬಿಡುವುದನ್ನು ಸ್ವಲ್ಪ ನಿಧಾನ ಮಾಡುತ್ತೇನೆ.

ಮಾಡುವ ಬಗೆ ಸರಳ. ಹಳೆಯ ಪಂಚೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಕುದಿಸಿದರೆ ನಮ್ಮವರ ಮೈಬಣ್ಣ ಬರುತ್ತದೆ. ಹೆಚ್ಚು ಕುದಿಸಿದರೆ ಹೊಲದಲ್ಲಿ ದುಡಿಯುವವರ ಬಣ್ಣ, ಕಡಿಮೆ ಕುದಿಸಿದರೆ ಅಂಗಡಿಯಲ್ಲಿ ಕೂರುವವರದು. ಉಲ್ಟಾ ಹೊಲಿದು, ತಿರುವಿಹಾಕಿ, ಕೈಕಾಲಿನ ಸಂದಿಗಳನ್ನು ಪೆನ್ಸಿಲಿನಿಂದ ತಳ್ಳಿ ಬಿಡಿಸಿ, ಹತ್ತಿ ತುಂಬಬೇಕು. ಮುಖ ಕೊನೆಗೆ. ಮುಖ ಮೊದಲು ಹೊಲಿದರೆ ಅದು ನಮ್ಮನ್ನೇ ನೋಡುತ್ತಿರುತ್ತದೆ, ಹೊಟ್ಟೆಗೆ ಹತ್ತಿ ತುರುಕುವಾಗ ಸಂಕೋಚವಾಗುತ್ತದೆ.

ವಿಜಯನಗರದ ರಾಜ ರಾಣಿ ಎಂದು ತೀರ್ಮಾನಿಸಿದ ಮೇಲೆ, ಉಡುಪು ನೋಡಿಕೊಂಡು ಬರಲು ಹಂಪಿಗೆ ಹೋದೆ. ಬೇರೆ ಊರಿನವರಿಗೆ ಅದು ಪ್ರವಾಸ. ನಮಗೆ ಅದು ನೆಂಟರು ಬಂದಾಗ ಮಾತ್ರ, ಅದೂ ಬೈದುಕೊಳ್ಳುತ್ತ, ಹೋಗುವ ಜಾಗ. ಒಬ್ಬಳೇ ಹೋದದ್ದು ಅದೇ ಮೊದಲು. ಗುಡಿಯ ಗೋಡೆಗೆ ಮೂಗು ಹಚ್ಚಿ ಒಬ್ಬ ರಾಣಿಯ ಸೊಂಟವನ್ನು ಬಹಳ ಹೊತ್ತು ನೋಡುತ್ತಿದ್ದುದರಿಂದ ಒಬ್ಬ ಗೈಡ್ ಅನುಮಾನದಿಂದ ಹತ್ತಿರ ಬಂದ.

"ಏನ್ ಹುಡುಕಾಕತ್ತೀರಿ ಅಮ್ಮಾರ?"

"ಈಕಿ ಸೀರಿ ಹಿಂದ ಹೆಂಗ ಗಂಟು ಹಾಕ್ಯಾಳ ಅಂತ ನೋಡಾಕತ್ತೀನಪ್ಪ."

"ಹಿಂದ ಗ್ವಾಡಿ ಐತ್ರಿ."

ಅವನು ಹೇಳಿದ್ದು ನಿಜ. ಅಲ್ಲಿ ರಾಜರು, ಕುಣಿಯುವವರು, ಕುದುರೆ ಮಾರಲು ಬಂದವರು ಎಲ್ಲರೂ ಮುಂದಿನಿಂದ ಮಾತ್ರ ಇದ್ದಾರೆ. ಅಷ್ಟು ದೊಡ್ಡ ಸಾಮ್ರಾಜ್ಯದ ಬೆನ್ನು ಹೇಗಿತ್ತೆಂದು ಗೋಡೆಗಳು ಹೇಳುವುದಿಲ್ಲ. ಹಾಗಾಗಿ ನನ್ನ ಗೊಂಬೆಗಳು ಮುಂದಿನಿಂದ ಇತಿಹಾಸ, ಹಿಂದಿನಿಂದ ನನ್ನ ಇಷ್ಟ.

ಮುಂದಿನ ಇತಿಹಾಸಕ್ಕೂ ಮನೆಯಲ್ಲಿ ತಕರಾರು ಬಂತು. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ನಡುಮನೆಯ ಮಂಚದ ಮೇಲೆ ಕೂತೇ ಇಡೀ ಓಣಿಯನ್ನು ನಡೆಸುತ್ತಾಳೆ. ರಾಜನನ್ನು ಎತ್ತಿ ತೋರಿಸಿದೆ. ಕಚ್ಚೆ ಹಾಕಿದ ಪಂಚೆ, ಕೊರಳಿಗೆ ಮಣಿಸರ, ತಲೆಗೆ ಕುಳ್ಳಾಯಿ ಎನ್ನುವ ಉದ್ದನೆಯ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ನನ್ನ ಧಾರೆ ಸೀರೆಯ ಜರಿ ಅಂಚು ಕತ್ತರಿಸಿ ಮಾಡಿದ್ದೆ. ಮಗ ನೋಡಿ "ಹ್ಯಾಪಿ ಬರ್ತ್‌ಡೇ ಅನ್ನಂಗ ಅದಾನ ಬೇ" ಅಂದು ಮಲಗಲು ಹೋಗಿದ್ದ.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದಳು. "ಅಂಗಿ ಎಲ್ಲಿ?"

"ಆಗ ಹಂಗಾ ಬರೀ ಮೈಲೆ ಇರ್ತಿದ್ರು ಅತ್ತಿ."

"ಆಗ ಇದ್ದಿರಬೇಕು. ಈಗ ಬೀಗರ ಮನಿಗೆ ಹೊಂಟಾನ."

"ಕಲ್ಲಿನಾಗ ಹಂಗ ಕೆತ್ಯಾರ."

"ಕಲ್ಲಿಗೆ ನಾಚಿಕಿಲ್ಲ, ನಿನಗೂ ಇಲ್ಲೇನು? ರಾಣೀನೂ ಹಿಂಗಾ ಏನು?"

ರಾಣಿಯನ್ನು ನಾನು ಸೆರಗಿನಲ್ಲಿ ಬಚ್ಚಿಟ್ಟಿದ್ದೆ. ಅದು ಅತ್ತೆಗೆ ಹೇಗೋ ಗೊತ್ತಾಯಿತು. ಆಮೇಲೆ ನಡೆದ ಸಂಧಾನದಲ್ಲಿ ರಾಜನಿಗೊಂದು ಶಲ್ಯ, ರಾಣಿಗೆ ಗುಳೇದಗುಡ್ಡದ ಖಣದ ಕುಬಸ ಎಂದು ತೀರ್ಮಾನವಾಯಿತು. ಸೊಂಟದಿಂದ ಕೆಳಗೆ ಹಂಪಿ, ಸೊಂಟದಿಂದ ಮೇಲೆ ನಮ್ಮ ಓಣಿ. ನಡುವೆ ಒಂದು ಪಟ್ಟಿ ಬೇಕಾಗಿತ್ತು. ಸಂಡೂರಿಗೆ ಹೋದಾಗ ಸಂತೆಯಲ್ಲಿ ಲಂಬಾಣಿ ಹೆಂಗಸೊಬ್ಬಳ ಹತ್ತಿರ ಕನ್ನಡಿ ಕೂರಿಸಿದ ಕಸೂತಿಯ ಒಂದು ತುಂಡು ಆರಿಸಿದೆ. ಆರಿಸಿದ ಮೇಲೆ ನನಗೇ ಅನುಮಾನ ಬಂತು. "ಹಂಪಿ ರಾಣಿಗೆ ಕನ್ನಡಿ ಹಚ್ಚಿದ್ರ ನಡೀತೈತೇನವಾ?" ಎಂದು ಅವಳನ್ನೇ ಕೇಳಿದೆ.

"ರಾಣಿ ಬಂದು ಬ್ಯಾಡ ಅಂದಾಳೇನು? ಹಚ್ಚು," ಅಂದಳು. ಹಚ್ಚಿದೆ.

ಎಲ್ಲ ಮುಗಿದ ಮೇಲೆ ಇಬ್ಬರೂ ನಿಲ್ಲಲೊಲ್ಲರು. ಮೈಯೆಲ್ಲ ಹತ್ತಿ, ತಲೆಯ ಮೇಲೆ ಜರಿ ಟೊಪ್ಪಿಗೆಯ ಭಾರ. ನಿಲ್ಲಿಸಿ ಕೈ ತೆಗೆದರೆ ರಾಜ ರಾಣಿಯ ಮೇಲೆ ಬೀಳುತ್ತಿದ್ದ, ರಾಣಿ ಗೋಡೆಯ ಮೇಲೆ.

"ರಾಯರು ಜಾಸ್ತಿ ತಗೊಂಡಾರ," ಅಂದ ಗಂಡ, ಅಂಗಡಿಯಿಂದ ಒಂದು ಮುಷ್ಟಿ ನಟ್ಟು ತಂದುಕೊಟ್ಟ. ಅವನ್ನು ತುಂಬಿದರೆ ರಾಣಿಯನ್ನು ಎತ್ತಿದಾಗೆಲ್ಲ ಚಿಲ್ಲರೆ ಅಲ್ಲಾಡಿಸಿದ ಸದ್ದು. ಮರಳು ತುಂಬಿದೆ, ಹೊಲಿಗೆಯ ಸಂದಿಯಿಂದ ಸೋರಿ ಹಾಸಿಗೆಯೆಲ್ಲ ಕರಕರ.

ಆಗ ಅತ್ತೆ ಮಂಚದಿಂದಲೇ, "ಭತ್ತ ತುಂಬು," ಅಂದಳು. "ಉಡಿ ತುಂಬಿದಂಗೂ ಆಗ್ತೈತಿ."

ಈ ಮಾತು ನನಗೆ ಬಹಳ ಹಿಡಿಸಿತು. ಹೆಣ್ಣುಮಕ್ಕಳು ಮನೆಯಿಂದ ಹೊರಡುವಾಗ ಉಡಿಗೆ ಅಕ್ಕಿ ತುಂಬಿ ಕಳಿಸುವವರು ನಾವು. ರಾಣಿಯನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ? ಬುಕ್ಕಸಾಗರದ ನನ್ನ ತವರಿನಿಂದ ಬಂದ ಒಂದು ಚೀಲ ಭತ್ತ ಅಟ್ಟದ ಮೇಲಿತ್ತು. ಹತ್ತಿ ತೆಗೆದು ಇಬ್ಬರ ಹೊಟ್ಟೆಗೂ ಸೊಂಟಕ್ಕೂ ಭತ್ತ ತುಂಬಿ ಹೊಲಿದೆ. ಇಬ್ಬರೂ ಪೊಲೀಸರ ಹಾಗೆ ನೆಟ್ಟಗೆ ನಿಂತರು. ರಾಣಿಗೆ ಒಂದು ಮುಷ್ಟಿ ಜಾಸ್ತಿಯೇ ಬಿದ್ದಿತ್ತು. ಇರಲಿ, ಉಂಡು ತಿಂದ ಮನೆತನ ಎಂದುಕೊಂಡೆ.

ಹುಣ್ಣಿಮೆಯ ದಿನ ಕಂಪ್ಲಿಯಲ್ಲಿ ಸೀರೆ, ದಂಡೆ, ಸಕ್ಕರೆ ಗೊಂಬೆಗಳೆಲ್ಲ ತಟ್ಟೆಗೆ ಬಂದವು. ಕೊನೆಗೆ ನಾನು ರಾಜ ರಾಣಿಯನ್ನು ತೆಗೆದು ನಿಲ್ಲಿಸಿದೆ. ಅಜ್ಜಿ ಸುತ್ತಲೂ ತಿರುಗಿ ನೋಡಿದಳು.

"ಯಾರು ಇವರು?"

"ವಿಜಯನಗರದ ರಾಜ ರಾಣಿ ಅಮ್ಮಾರ. ಹಂಪಿಯವರು."

"ಹಂಪಿ ಹಾಳಾಗಿ ಎಷ್ಟು ಕಾಲ ಆತು. ಹಾಳಾದ ಮನಿಯವರನ್ನ ಶುಭಕಾರ್ಯಕ್ಕ ಯಾಕ ಕರ್ಕೊಂಡು ಬಂದ್ರಿ ಬೀಗ್ತಿ?"

ನಾನು ಗಂಡನ ಮುಖ ನೋಡಿದೆ. ಅವನು ಹೊರಗೆ ನಿಂತ ಟ್ರ್ಯಾಕ್ಟರ್ ನೋಡುತ್ತಿದ್ದ.

"ಅಲ್ಲದ," ಅಜ್ಜಿ ಮುಂದುವರಿಸಿದಳು, "ನಿಮ್ಮ ಹಂಪಿಕಿಂತ ಮೊದಲ ನಮ್ಮ ಕಂಪ್ಲಿ ರಾಜ್ಯ ಆಗಿತ್ತು. ಗೊತ್ತೈತಿಲ್ಲೋ? ಹೊಲಿಯೋದಿದ್ರ ನಮ್ಮ ರಾಜನ್ನ ಹೊಲೀಬೇಕಿತ್ತು."

ಆ ರಾಜ್ಯ ಹಂಪಿಗಿಂತ ಮೊದಲೇ ಹಾಳಾದದ್ದು ಎಂದು ಹೇಳಲು ನಾಲಿಗೆ ತುದಿಗೆ ಬಂದಿತ್ತು. ಗಂಡಿನ ತಾಯಿ ಎನ್ನುವ ಪದವಿ ಅದನ್ನು ನುಂಗಿಸಿತು.

ಹುಡುಗಿ ರಾಣಿಯನ್ನು ಕೈಗೆತ್ತಿಕೊಂಡಳು. ಮುಖ ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಹೆಬ್ಬೆರಳಿನಿಂದ ಹೊಟ್ಟೆಯನ್ನು ಒಮ್ಮೆ ಒತ್ತಿದಳು. ಸ್ವಲ್ಪ ತಡೆದು ಮತ್ತೊಮ್ಮೆ ಒತ್ತಿದಳು. ತುಟಿಯ ತುದಿಯಲ್ಲಿ ಏನೋ ಬಂದು ಹೋಯಿತು. "ಹೆಂಗದಾಳವಾ?" ಅಂದೆ.

"ಹೂನ್ರಿ," ಅಂದು ಗೌರಿಯ ಪಕ್ಕದಲ್ಲಿ ಇಟ್ಟಳು.

ಹಬ್ಬ ಮುಗಿದು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಬಂದ ಗಂಡ ಕೈ ತೊಳೆಯದೆ ನಿಂತ. "ಕಂಪ್ಲಿ ಬೀಗರು ಫೋನ್ ಮಾಡಿದ್ರು. ನಿನ್ನ ರಾಣಿಗೆ ಹೊಟ್ಟಿ ಬಂದೈತಂತ."

"ಹಂಗಂದ್ರ?"

"ಬಸುರಿ ಆಗ್ಯಾಳಂತ."

ಅತ್ತೆ ಮಂಚದ ಮೇಲೆ ಎದ್ದು ಕೂತಳು. "ಯಾರಿಗೆ?"

"ರಾಜ ಪಕ್ಕದಾಗ ಅದಾನಲ್ಲವಾ," ಅಂದ ಗಂಡ. ಆದರೆ ಅವನ ಮುಖದಲ್ಲಿ ನಗೆ ಇರಲಿಲ್ಲ.

ಆದದ್ದು ಇಷ್ಟು. ಗೊಂಬೆಗಳನ್ನು ಗೌರಿಯ ಹತ್ತಿರದಿಂದ ತೆಗೆದಿರಲಿಲ್ಲ. ತಾನೇ ಬೈದಿದ್ದರೂ, ದೇವರ ಪಕ್ಕ ನಿಂತವರಿಗೂ ಒಂದು ಪಾಲು ಸಲ್ಲಬೇಕೆಂದು ಅಜ್ಜಿ ದಿನಾ ಬೆಳಿಗ್ಗೆ ಅವಕ್ಕೂ ತೀರ್ಥ ಚಿಮುಕಿಸಿ, ನೀರಲ್ಲಿಟ್ಟ ಹೂವು ಹೊದಿಸುತ್ತಿದ್ದಳು. ರಾಣಿಯ ಹೊಟ್ಟೆ ಮೊದಲು ಉಬ್ಬಿತು. ಆಮೇಲೆ ಕನ್ನಡಿ ಪಟ್ಟಿಯ ಸಂದಿಯಿಂದ ಹಸಿರು ಕುಡಿಗಳು ಹೊರಬಂದವು. ಓಣಿಯವರು ಸಾಲುಗಟ್ಟಿ ನೋಡಿ ಹೋದರು. ಕೆಲವರು ಕುಂಕುಮ ಹಚ್ಚಿ ಕೈಮುಗಿದರಂತೆ. ಇನ್ನು ಕೆಲವರು ಮದುವೆಯಾಗದ ಹುಡುಗಿಯ ಮನೆಗೆ ಗಂಡಿನವರು ಕಳಿಸಿದ ರಾಣಿಗೆ ಹೀಗಾಗುವುದೆಂದರೆ ಏನು ಸೂಚನೆ ಎಂದು ಕಿವಿಯಲ್ಲಿ ಕೇಳಿದರಂತೆ. ಅಜ್ಜಿಗೆ ಆ ಎರಡನೆಯ ಮಾತು ತಟ್ಟಿತ್ತು. ಬೀಗ್ತಿ ಬಂದು ಇದೇನೆಂದು ಹೇಳುವ ತನಕ ಮದುವೆಯ ದಿನ ನೋಡುವುದಿಲ್ಲ, ಸಂಬಂಧ ಬೇಕೋ ಬೇಡವೋ ಅದನ್ನೂ ಆಮೇಲೆ ನೋಡೋಣ ಎಂದು ಮಗನಿಂದ ಹೇಳಿಸಿದ್ದಳು.

"ಭತ್ತ," ಅಂದೆ ನಾನು. "ಮೊಳಕಿ ಒಡದಾವು."

"ಭತ್ತದ ಗಿರಣಿಯವರಿಗೆ ಅದು ಗೊತ್ತಾಗಲಿಲ್ಲೇನು?" ಅಂದ ಗಂಡ.

"ರಾಣಿ ಹೊಟ್ಟ್ಯಾಗಿಂದ ಬಂದ್ರ ಯಾರಿಗೆ ಗೊತ್ತಾಗ್ತೈತ್ರಿ?"

ಜೊತೆಗೆ ಬರ್ರಿ ಅಂದರೆ, "ನೀ ಹೊಲ್ದಿದ್ದು, ನೀನಾ ಬಿಚ್ಚು," ಅಂದ. ಕತ್ತರಿ, ಸೂಜಿ, ದಾರ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಕಂಪ್ಲಿಯ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಬಾಳೆಗೊನೆಯವರು ಹತ್ತಿ ಕಾಲಿಡಲು ಜಾಗವಿಲ್ಲದಂತಾಯಿತು. ಗೊನೆಗಳ ನಡುವೆ ಕೂತು ಯೋಚಿಸಿದೆ. ಸಂಬಂಧ ಮುರಿದರೆ ಮಗನಿಗೆ ಇನ್ನೊಂದು ಹುಡುಗಿ ಸಿಗುತ್ತಾಳೆ, ಅವನೇನೂ ಅಳುವವನಲ್ಲ. ಆದರೆ ಬೀಗ್ತಿ ಕಳಿಸಿದ ಬಸುರಿ ಗೊಂಬೆಯಿಂದ ಮದುವೆ ನಿಂತ ಹುಡುಗಿ ಎಂದು ಆಕೆಯ ಬೆನ್ನಿಗೆ ಹೆಸರು ಅಂಟುತ್ತದೆ. ಅದು ಸಕ್ಕರೆಯ ಹಾಗೆ ಕರಗುವಂಥದ್ದಲ್ಲ.

ಅವರ ಗಿರಣಿ ಮನೆಗಿಂತ ಮೊದಲೇ ಸಿಗುತ್ತದೆ. ಗೇಟಿನ ಮುಂದೆ ಬರುವಾಗ ಒಳಗಿನಿಂದ ಒಂದು ಹೆಂಗಸಿನ ಗಂಟಲು, ಮಷಿನ್ನಿನ ಸದ್ದನ್ನೂ ಮೀರಿ ಕೇಳಿತು.

"ಏ ಮಾವಾ, ಇದನ್ನ ಒಣಗಿದ ಭತ್ತ ಅಂತಿಯಲ್ಲ, ದೇವರ ಮೆಚ್ತಾನೇನು? ತಗೋ, ನೀನಾ ಕಡಿ. ಕಟ್ ಅಂತೇನು? ಅನ್ನಲಿಲ್ಲ. ಮೆತ್ತಗ ಐತಿ, ನಿನ್ನಂಗ. ಹಾಯಿಸು ಹಿಂದಕ, ಎರಡು ದಿನ ಬಿಸಿಲಿಗೆ ಹಾಕ್ಕೊಂಡು ಬಾ."

ಟ್ರ್ಯಾಕ್ಟರಿನ ಮೇಲಿದ್ದ ದಪ್ಪ ಮೀಸೆಯ ಗಂಡಸು, "ಆತು ಬಿಡವಾ ತಾಯಿ, ಹಲ್ಲು ಮುರೀಬ್ಯಾಡ," ಎಂದು ಗಾಡಿ ಹಿಂದಕ್ಕೆ ತೆಗೆಯತೊಡಗಿದ. ಗೇಟಿನೊಳಗೆ ಇಣುಕಿದೆ. ತಲೆಗೆ ಟವೆಲ್ ಸುತ್ತಿ, ಮೈಯೆಲ್ಲ ತೌಡಿನ ಪುಡಿ ಮೆತ್ತಿಕೊಂಡು, ಭತ್ತದ ರಾಶಿಯ ಮೇಲೆ ನಿಂತಿದ್ದವಳು ನಮ್ಮ ಹೂನ್ರಿ ಹುಡುಗಿ.

ನನ್ನನ್ನು ನೋಡಿದ್ದೇ ಟವೆಲ್ ಎಳೆದು ಬೆನ್ನ ಹಿಂದೆ ಹಿಡಿದಳು. "ಬರ್ರಿ ಅತ್ತಿ," ಅಂದಳು, ಸಣ್ಣ ದನಿಯಲ್ಲಿ.

"ಈ ಬಾಯಿ ಎಲ್ಲಿಟ್ಟಿದ್ದಿಯವಾ ಇಷ್ಟು ದಿನ?"

ತಡೆಯಲಾರದೆ ನಕ್ಕಳು. "ಅಜ್ಜಿ ಆಣಿ ಹಾಕ್ಯಾಳ್ರಿ. ತಾಳಿ ಬೀಳೋತನಕ ಹೂನ್ರಿ ಬಿಟ್ಟು ಬ್ಯಾರೆ ಮಾತು ಆಡಬ್ಯಾಡ, ನೀ ಬಾಯಿ ಬಿಟ್ಟ ದಿನ ಸಂಬಂಧ ಮುರೀತೈತಿ ಅಂತ."

ಚೀಲಗಳ ಮೇಲೆ ಇಬ್ಬರೂ ಕೂತೆವು. ಚಹಾ ತರಿಸಿದಳು. ನಾನು ಕೇಳಿದೆ, "ರಾಣಿ ಹೊಟ್ಟ್ಯಾಗ ಭತ್ತ ಐತಿ ಅಂತ ಗೊತ್ತಿತ್ತೇನು ನಿನಗ?"

"ಒತ್ತಿದ ಕೂಡ್ಲೇ ಗೊತ್ತಾತ್ರಿ."

"ಮತ್ತ ಅಜ್ಜಿ ನೀರು ಹಾಕೋವಾಗ ಹೇಳಬಾರದಾ?"

"ಅಜ್ಜಿ ಹಾಕಿದ್ದು ತೀರ್ಥ ರೀ. ಅಷ್ಟರಾಗ ಏನು ಮೊಳಿಯಂಗಿದ್ದಿಲ್ಲ." ಚಹಾದ ಲೋಟವನ್ನು ತಿರುಗಿಸುತ್ತ ಹೇಳಿದಳು, "ಸಂಜಿಕೆ ಒಂದೊಂದು ಲೋಟ ನಾನಾ ಹಾಕ್ತಿದ್ದೆ."

ನಾನು ಲೋಟ ಕೆಳಗಿಟ್ಟೆ. ನಾನು ಹೆದರಿದ್ದ ಪ್ರಶ್ನೆಯನ್ನು ಈಗ ಕೇಳಲೇಬೇಕಾಗಿತ್ತು. "ಮದುವಿ ಬ್ಯಾಡೇನವಾ? ಬ್ಯಾಡಂದ್ರ ಇಲ್ಲೇ ಹೇಳಿಬಿಡು. ನಾನಾ ಏನಾರ ನೆವ ಹೇಳಿ ನಿಲ್ಲಿಸ್ತೀನಿ. ತಪ್ಪು ನಮ್ಮ ಕಡಿಗಾ ಇರ್ಲಿ."

"ಬ್ಯಾಡ ಅಂತಲ್ರಿ. ನಿಮ್ಮ ಮಗ ಪಾಪ, ಕೇಳಿದ್ದಕ್ಕ ಉತ್ತರ ಕೊಡ್ತಾರ." ಇಷ್ಟು ಹೇಳಿ ಗಿರಣಿಯ ಕಡೆ ತಿರುಗಿದಳು. "ಗಿರಣಿ ಬಿಡಾಕ ಆಗಂಗಿಲ್ಲ ನನಗ. ಅಪ್ಪಗ ಬೆನ್ನು ನೋವು, ಕುಂತಲ್ಲಿಂದ ಏಳಂಗಿಲ್ಲ. ಓದು ಮುಗಿದಾಗಿಂದ ನಾನಾ ನೋಡೋದು. ಅಜ್ಜಿ ನಿಮ್ಮ ಮನಿಯವರಿಗೆ ಹೇಳಿಬಿಟ್ಟಾಳಂತ, ಮದುವಿ ಆದ ಮ್ಯಾಲ ಗಿರಣಿ ಗಿರಣಿ ಏನಿಲ್ಲ, ಮನ್ಯಾಗ ಇರ್ತಾಳ ಅಂತ. ಎಲ್ಲಾರೂ ಹೂಂ ಅಂದ್ರಂತ. ನನ್ನ ಒಬ್ಬರೂ ಕೇಳಲಿಲ್ಲ. ಅದಕ್ಕ, ದಿನ ನೋಡೋದು ಒಂದೀಟು ಮುಂದಕ ಹೋದ್ರ ಅಷ್ಟ್ರಾಗ ಯಾರಾರ ಕೇಳ್ತಾರೇನೋ ಅಂತ ನೀರು ಹಾಕಿದೆ."

ಹೂಂ ಅಂದವರಲ್ಲಿ ನಾನೂ ಒಬ್ಬಳು. ಗಿರಣಿ ಎಂದರೆ ಆಗೀಗ ಹೋಗಿ ಲೆಕ್ಕ ಬರೆದು ಬರುವುದು ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ಮನಸ್ಸಿನಲ್ಲಿ ಆಕೆಯನ್ನು ಆಗಲೇ ನಮ್ಮ ಒಲೆಯ ಮುಂದೆ ಕೂರಿಸಿಯೂ ಆಗಿತ್ತು. ರೊಟ್ಟಿ ಬಡಿಯಲು ಇನ್ನೊಂದು ಜೊತೆ ಕೈ ಬರುತ್ತವೆ, ಮಧ್ಯಾಹ್ನ ಕಾಲು ಚಾಚಿ ಗೊಂಬೆ ಹೊಲಿಯಬಹುದು ಎಂದು ಲೆಕ್ಕ ಹಾಕಿದ್ದೆ. ಭತ್ತದ ರಾಶಿಯ ಮೇಲೆ ಈಗಷ್ಟೇ ಕೇಳಿದ ಗಂಟಲನ್ನು ಆ ಒಲೆಯ ಮುಂದೆ ಇಟ್ಟು ನೋಡಿದೆ. ಎಲ್ಲಿ ಇಟ್ಟರೂ ಹೊಂದಲಿಲ್ಲ.

"ನಡಿ, ರಾಣಿ ಹೊಟ್ಟಿ ಬಿಚ್ಚೋಣು," ಅಂದೆ.

ಮನೆಯಲ್ಲಿ ಅಜ್ಜಿ ದೇವರ ಮುಂದೆ ಪಂಚಾಯ್ತಿಗೆ ಕೂತವರ ಹಾಗೆ ಕೂತಿದ್ದಳು. ಹುಡುಗಿಯ ಅಪ್ಪ ಬೆನ್ನಿಗೆ ದಿಂಬು ಕೊಟ್ಟು ಮೂಲೆಯ ಕುರ್ಚಿಯಲ್ಲಿದ್ದರು. ರಾಣಿಯ ಸ್ಥಿತಿ ನೋಡಿ ನನಗೂ ಒಂದು ಕ್ಷಣ ಕೈಮುಗಿಯಬೇಕು ಅನ್ನಿಸಿತು. ಹೊಟ್ಟೆ ಬಿರಿಯುವಷ್ಟು ಉಬ್ಬಿತ್ತು, ಸೊಂಟದ ಸುತ್ತ ಹಸಿರು ಕುಡಿಗಳು ನಿಂತಿದ್ದವು, ಖಣದ ಬಣ್ಣ ಇಳಿದು ರಾಜನ ಶಲ್ಯಕ್ಕೆ ಹತ್ತಿತ್ತು. ರಾಜನಿಗೂ ಹೊಟ್ಟೆ ಬಂದಿತ್ತು. ಅದನ್ನು ಮಾತ್ರ ಯಾರೂ ಸೂಚನೆ ಅಂದಿರಲಿಲ್ಲ. ಗಂಡಸರಿಗೆ ಹೊಟ್ಟೆ ಬರುವುದು ಯಾರಿಗೆ ಹೊಸದು?

ಪೇಪರ್ ಹಾಸಿ ಹೊಲಿಗೆ ಬಿಚ್ಚಿದೆ. ಬೇರಿಗೆ ಬೇರು ಹೆಣೆದುಕೊಂಡು ಒಂದು ಮುದ್ದೆ ಹೊರಬಂತು, ಹುಳಿ ವಾಸನೆಯ ಸಮೇತ.

"ಭತ್ತ!" ಅಂದರು ಅಪ್ಪ. ಅಷ್ಟರಲ್ಲೇ ಅವರಿಗೆ ನಗು ಬಂತು, ನಕ್ಕರೆ ಬೆನ್ನು ನೋಯುತ್ತದೆಂದು ಕುರ್ಚಿ ಹಿಡಿದುಕೊಂಡರು.

ಅಜ್ಜಿ ನಗಲಿಲ್ಲ. "ಭತ್ತ ಅನ್ನೋದು ಆತು. ಸೂಚನಿ ಏನಂತ ಹೇಳ್ರಿ ಬೀಗ್ತಿ. ಸುಮ್ಮನ ಮೊಳಿಯಂಗಿಲ್ಲ, ಅದೂ ಗೌರಮ್ಮನ ಪಕ್ಕದಾಗ."

ದೇವರು ನನ್ನನ್ನು ಕ್ಷಮಿಸಲಿ, ಬಸ್ಸಿನಲ್ಲಿ ಬರುವಾಗ ಇಲ್ಲದ ಧೈರ್ಯ ಈಗ ಬಂದಿತ್ತು. "ಇಷ್ಟ ಅಮ್ಮಾರ, ಈ ಮನಿ ಹೆಣ್ಣುಮಗಳಿಗೂ ಭತ್ತಕ್ಕೂ ಇರೋ ನಂಟು ಬಿಡಿಸಬ್ಯಾಡ್ರಿ ಅಂತ ಗೌರಮ್ಮ ಹೇಳ್ಯಾಳ. ಮದುವಿ ಆದ ಮ್ಯಾಲೂ ಆಕಿ ಗಿರಣಿಗೆ ಬರ್ಲಿ. ಹೊಸಪ್ಯಾಟಿಯಿಂದ ಬಸ್ಸು ಬೇಕಾದಷ್ಟು ಅದಾವು."

ಅಜ್ಜಿ ನನ್ನನ್ನು ನೋಡಿದಳು, ಬೇರಿನ ಮುದ್ದೆಯನ್ನು ನೋಡಿದಳು, ಬಾಗಿಲು ಹಿಡಿದು ನಿಂತ ಮೊಮ್ಮಗಳನ್ನು ನೋಡಿದಳು. "ಗೌರಮ್ಮ ಹೇಳಿದ್ಲೋ, ಈಕಿ ಹೇಳಿದ್ಲೋ?"

ನಾನು ಇನ್ನೊಂದು ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಒಳಗೆ ಬಂದಳು. "ನಾನಾ ಹೇಳೀನಿ ಅಜ್ಜಿ. ನೀರೂ ನಾನಾ ಹಾಕೀನಿ. ಗಿರಣಿ ಬಿಡು ಅಂದ್ರ ನಾನು ಮದುವಿ ಆಗಂಗಿಲ್ಲ. ಬಿಡಬ್ಯಾಡ ಅಂದ್ರ ಆಗ್ತೀನಿ. ಇಷ್ಟ ಐತಿ."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಕೇಳಿದ್ರಲ್ಲ? ಆಣಿ ಹಾಕಿ ಇಷ್ಟು ದಿನ ಮುಚ್ಚಿಟ್ಟಿದ್ದೆ, ನೀವು ಬಂದು ಹೊಲಿಗಿ ಬಿಚ್ಚಿದ್ರಿ. ಇನ್ನ ಮುಚ್ಚಂಗಿಲ್ಲ ಅದು. ನಿಮ್ಮ ಹಣೇಬರಹ." ಆಮೇಲೆ, "ಸುಗ್ಗಿಯಾಗ ಈಕಿ ಇಲ್ಲೇ ಇರಬೇಕಾಗ್ತೈತಿ, ಅದಕ್ಕೂ ನೀವು ಒಪ್ಪಬೇಕು," ಅಂದಳು. ಅಲ್ಲಿಯ ತನಕ ಗಿರಣಿ ಬಿಡಿಸಲು ಹೊರಟಿದ್ದವಳೇ ಈಗ ಮೊಮ್ಮಗಳ ಪರವಾಗಿ ಚೌಕಾಸಿಗೆ ಇಳಿದಿದ್ದಳು.

ನಮ್ಮ ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಬಂದೆ. ಮಗ ಶಿಫ್ಟಿಗೆ ಹೊರಟಿದ್ದ. "ನಾನಾ ಮನ್ಯಾಗ ಇರಂಗಿಲ್ಲ, ಆಕಿ ಒಬ್ಬಾಕಿ ಇದ್ದು ಏನ್ ಮಾಡ್ತಾಳ? ಹೋಗಲಿ," ಅಂದ. ಶೂ ಹಾಕಿಕೊಳ್ಳುತ್ತ, "ನನಗ ಯಾಕ ಹೇಳಲಿಲ್ಲ ಆಕಿ?" ಎಂದೂ ಕೇಳಿದ.

"ನೀ ಕೇಳಿದ್ದೇನು?" ಅಂದೆ. ಕಿವಿ ಕೆಂಪಾಗಿಸಿಕೊಂಡು ಹೋದ. ಗಂಡ, ಬೀಗರಿಗೆ ಒಪ್ಪಿಗೆ ಇದ್ದರೆ ತನಗೂ ಒಪ್ಪಿಗೆ ಅಂದ.

ಉಳಿದವಳು ಅತ್ತೆ. ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿದಳು.

"ಆಕಿ ಗಿರಣಿಗೆ ಹೋದ್ರ ಇಲ್ಲಿ ರೊಟ್ಟಿ ಯಾರು ಬಡೀತಾರ?"

"ನಾನಾ."

"ಇಷ್ಟು ವರ್ಷ ಯಾರು ಬಡೀತಿದ್ರು?"

"ನಾನಾ."

"ಮತ್ತೇನು ಹೋತು ನಿಂದು? ಜಲ್ದಿ ಫೋನ್ ಮಾಡು, ಆ ಮುದುಕಿ ಮನಸ್ಸು ಬದಲು ಮಾಡೋದ್ರೊಳಗ."

ಅಜ್ಜಿಯ ನಂಬರಿಗೆ ಮಾಡಲಿಲ್ಲ, ಹುಡುಗಿಯದಕ್ಕೇ ಮಾಡಿದೆ. ಎತ್ತಿದಾಗ ಹಿಂದೆ ಮಷಿನ್ನಿನ ಗದ್ದಲ, ಯಾರೋ ಚೀಲ ಎಣಿಸುತ್ತಿರುವ ಕೂಗು. ನಾನು ಬೀಗ್ತಿಗೆ ತಕ್ಕ ಗಂಭೀರ ದನಿಯಲ್ಲಿ, ನಮ್ಮ ಮನೆಯವರೆಲ್ಲ ಒಪ್ಪಿದ್ದಾರೆ, ದಿನ ನೋಡಲು ಹೇಳು ಅಂದೆ.

"ಏನ್ರಿ ಅತ್ತಿ? ಏನೂ ಕೇಳವಲ್ದು! ಜೋರಾಗಿ ಹೇಳ್ರಿ!"

ಎದ್ದು ಹಿತ್ತಲಿಗೆ ಹೋಗಿ, ಓಣಿಗೆಲ್ಲ ಕೇಳುವ ಹಾಗೆ, ಜೋರಾಗಿ ಹೇಳಿದೆ.